ತುಂಬಿದ ಕೊಡ

ಬೆಳಗೋಡಿನ ನಮ್ಮ ಮನೆಯಲ್ಲಿ, ಮಹಾಲಯ ಅಮಾವಾಸ್ಯೆಯ ಹಾಡುಹಗಲಲ್ಲೇ ನಡೆದದ್ದಿದು.

ನಮ್ಮವರು ಕುಡಿದು ಕುಡಿದು ಲಿವರ್ ಹಾಳು ಮಾಡಿಕೊಂಡಿದ್ದರು. ಕಣ್ಣು ಹಳದಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ನೀರು ಅಳೆದು ಕೊಡಿ ಎಂದು ಡಾಕ್ಟರು ಹೇಳಿದ್ದರಿಂದ ಕೊಡವನ್ನು ಅಡುಗೆಮನೆಯಲ್ಲಿಟ್ಟು ಬೀಗ ಹಾಕುತ್ತಿದ್ದೆ. ಕೊನೆಗೆ ಅವರು ಬ್ರಾಂಡಿ ಕೇಳಲೇ ಇಲ್ಲ. “ಒಂದ್ ಚೊಂಬು ನೀರು ಕೊಡೇ, ಸಾಕು” ಎನ್ನುತ್ತಲೇ ಪ್ರಾಣ ಬಿಟ್ಟರು.

ಮೊದಲ ವರ್ಷದ ಎಡೆಗೆ ಮೈದುನ ಶಾಂತರಾಜು ಬ್ರಾಂಡಿ ತಂದ. “ಅಣ್ಣಂಗೆ ಇಷ್ಟ ಆಗಿದ್ದುನ್ನೇ ಇಡ್ಬೇಕು ಅತ್ಗೆ” ಎಂದ. ಲೋಟ ತುಂಬಿಸಿ ಇಟ್ಟೆವು. ಅಡುಗೆಮನೆಗೆ ಬೀಗ ಹಾಕಿದೆ, ಕೈಗೆ ಅದೇ ರೂಢಿ. ಹಿರಿಯರು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಜಗಲಿಯಲ್ಲಿ ಕೂತೆವು.

ಒಳಗೆ ಯಾರೋ ಗಟಗಟ ಕುಡಿಯುವ ಸದ್ದು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

“ಎಡೇಲಿ ನೀರು ಇಟ್ಟಿದ್ರಾ ಅತ್ಗೆ?” ಶಾಂತರಾಜು ಮೆಲ್ಲಗೆ ಕೇಳಿದ.

ಇಡಲು ಮರೆತಿದ್ದೆ.

ಒಳಗೆ ಹೋದರೆ ಬ್ರಾಂಡಿ ಲೋಟದ ಅಂಚಿನವರೆಗೂ ಹಾಗೇ ಇತ್ತು. ಅಡುಗೆಮನೆಯ ಬೀಗ ತೆಗೆದೆ. ಬೆಳಿಗ್ಗೆ ತುಂಬಿಸಿದ್ದ ಕೊಡದಲ್ಲಿ ಒಂದು ಹನಿ ನೀರಿರಲಿಲ್ಲ. ನೆಲ ಒಣಗಿಯೇ ಇತ್ತು.

ಅಂದಿನಿಂದ ಬೀಗ ಹಾಕಿಲ್ಲ. ದಿನಾ ಕೊಡ ತುಂಬಿಸಿ, ಪಕ್ಕದಲ್ಲಿ ಚೊಂಬು ಇಟ್ಟು ಮಲಗುತ್ತೇನೆ. ಎದ್ದ ಕೂಡಲೇ ಹೋಗಿ ನೋಡುತ್ತೇನೆ.

ತುಂಬಿಯೇ ಇರುತ್ತದೆ.