ಒಂದೂವರೆ ಅಡಿ ಮುಂದಕ್ಕೆ

"ಈ ಗೆರೆ ಮುಂದಕ್ಕೆ ಎಳ್ದೋರು ಯಾರು?"

ತನುಶ್ರೀ ಮೆಲ್ಲಗೆ ಕೇಳಿದಳು. ಅವಳು ಕೂಗಾಡಿದ್ದರೆ ತಿಮ್ಮೇಶ ಇಷ್ಟು ಹೆದರುತ್ತಿರಲಿಲ್ಲ. ಡ್ರಿಲ್ಲಿಂಗ್ ಮಿಷನ್ನನ್ನು ಕೆಳಗಿಟ್ಟ.

ಶ್ರೀರಂಗಪಟ್ಟಣದ ಹೊಳೆದಂಡೆಯ ಆ ಶೆಡ್ಡಿನಲ್ಲಿ ಹೊಸ ಬೋಟು ಕೂತಿತ್ತು. ತಳ ಗಟ್ಟಿ ಫೈಬರು, ಸುತ್ತಲೂ ಗಾಳಿ ತುಂಬಿದ ದಪ್ಪ ರಬ್ಬರ್ ಟ್ಯೂಬು. ಪ್ರವಾಹಕ್ಕೆ ಸಿಕ್ಕವರನ್ನು ದಡ ಸೇರಿಸುವ ತಂಡದ್ದು ಅದು. ಓಡಿಸುವವಳು ಅರಕೆರೆಯ ತನುಶ್ರೀ. ಸ್ಟೀರಿಂಗ್ ಪೆಟ್ಟಿಗೆ ಕೂರಿಸುವವನು ತಿಮ್ಮೇಶ. ಎಲ್ಲಿ ಕೂರಿಸಬೇಕು ಎಂಬುದೊಂದೇ ತಕರಾರು. ನಿನ್ನೆ ಅವಳು ಹಿಂದುಗಡೆ ಇಂಜಿನ್ನಿನ ಹತ್ತಿರ ಸೀಮೆಸುಣ್ಣದ ಗೆರೆ ಎಳೆದು ಹೋಗಿದ್ದಳು. ಇವತ್ತು ಆ ಗೆರೆ ಒಂದೂವರೆ ಅಡಿ ಮುಂದಿತ್ತು.

ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂದು ಮೈಕಿನಲ್ಲಿ ಕೂಗಿಕೊಂಡು ಬೆಳಿಗ್ಗೆಯೇ ಜೀಪು ಹೋಗಿತ್ತು. ಸಂಜೆಗೆ ಬೋಟು ನೀರಿಗಿಳಿಯಬೇಕು. ತಳಕ್ಕೆ ಒಮ್ಮೆ ತೂತು ಕೊರೆದರೆ ಮುಗಿಯಿತು, ಪೆಟ್ಟಿಗೆ ಮತ್ತೆ ಕದಲುವುದಿಲ್ಲ.

"ಕಳ್ಳ ಸಿಕ್ಕಾಕಂಡ ಕಣವ್ವ," ಎಂದು ಶೆಡ್ಡಿನ ಯಜಮಾನ ಅಂದಾನಯ್ಯ ಟವೆಲು ಕೊಡವಿಕೊಂಡು ಎದ್ದ. "ನಾನು ಟೀ ಕುಡ್ಕಂಡ್ ಬತ್ತೀನಿ. ಅಷ್ಟ್ರಲ್ಲಿ ಇಬ್ರಲ್ಲಿ ಒಬ್ರಾದ್ರೂ ಉಳ್ಕಳಿ."

ಅವನು ಹೋದ ಮೇಲೆ ತನುಶ್ರೀ ತಿಮ್ಮೇಶನ ಎದುರಿಗೆ ಬಂದು ನಿಂತಳು.

"ಮುಂದೆ ಜಾಗ ಬೇಕು ಅಂತ ಎಷ್ಟ್ ದಪ ಬಡ್ಕಂಡಿದೀನಿ? ನೀರಿಂದ ಎತ್ತಿದೋರ್ನ ಎಲ್ಲಿ ಮಲಗಿಸ್ಲಿ? ನಿಮ್ ತಲೆ ಮೇಲಾ?"

"ಹಿಂದ್ಕೆ ಕುಂತ್ರೆ ಮೂತಿ ಮೇಲೇಳ್ತದೆ, ಮೇಡಂ. ಮುಂದ್ಲುದು ಕಾಣಲ್ಲ."

"ಗಂಡಸ್ರಿಗೆ ಕಾಣೋದು ನಂಗ್ ಕಾಣಲ್ವಾ? ಎಲ್ರಂಗೆ ನೀವೂನಾ?"

ತಿಮ್ಮೇಶ ಬೋಟಿನ ಮೂತಿಗೆ ಇಟ್ಟಿಗೆ ಕೊಟ್ಟು, ಹೊಳೆಯಲ್ಲಿ ಏಳುವಷ್ಟೇ ಎತ್ತರಕ್ಕೆ ಏರಿಸಿದ. ಅವಳ ಹಳೆಯ ಗೆರೆಯಿದ್ದ ಕಡೆ ಒಂದು ಬಿದಿರು ಕೋಲು ನಿಲ್ಲಿಸಿದ. ಕೋಲಿಗೆ ಕೆಂಪು ದಾರ ಕಟ್ಟಿತ್ತು. ಅಲ್ಲಿಂದ ಹುರಿ ಎಳೆದು, ಮೂತಿಯ ಮೇಲೆ ಹಾಯಿಸಿ, ನೆಲ ಮುಟ್ಟುವವರೆಗೂ ನಡೆದ. ಹುರಿ ಶೆಡ್ಡು ದಾಟಿ ಹುಣಸೇಮರದ ಬುಡಕ್ಕೆ ಹೋಯಿತು.

"ಇಷ್ಟೂ ದೂರ ನಿಮಗೆ ಕುರುಡು," ಎಂದ. "ಗೆರೆ ಮುಂದಕ್ಕೆ ಬಂದ್ರೆ ಬಾಗ್ಲತ್ರಕ್ಕೇ ಮುಗೀತದೆ."

ತನುಶ್ರೀ ಹುರಿಯನ್ನು ನೋಡಿದಳು. ಆಮೇಲೆ ಬೋಟು ಹತ್ತಿ ಕೋಲಿನ ಪಕ್ಕ ನಿಂತಳು. ಕೆಂಪು ದಾರ ಅವಳ ರೆಪ್ಪೆಗೆ ಸರಿಸಮ ನಿಂತಿತು.

"ನನ್ ಕಣ್ಣೆತ್ರ ಯಾವಾಗ ಅಳದ್ರಿ?"

"ಅಳೀಲಿಲ್ಲ."

"ಮತ್ತೆ?"

"ದಿನಾ ಎದ್ರಿಗೆ ನಿಂತ್ಕಂಡು ಬಯ್ತೀರಲ್ಲ..." ಅವನ ಕಿವಿ ಬಿಸಿಯಾಯಿತು. "ಆವಾಗ ನಿಮ್ ಕಣ್ಣು ನನ್ ಅಂಗಿ ಎರಡ್ನೇ ಗುಂಡಿ ನೇರಕ್ಕಿರ್ತದೆ."

ಅವಳು ನಗಲಿಲ್ಲ. ಕಣ್ಣು ಮಾತ್ರ ಆ ಗುಂಡಿಯ ಹತ್ತಿರ ಬಂದು, ಅಲ್ಲಿಂದ ಮೆಲ್ಲನೆ ಮೇಲಕ್ಕೆ, ಅವನ ಮುಖದವರೆಗೆ ಹತ್ತಿತು.

"ಹೋದ್ ವರ್ಷ ಹೊಳೆ ಉಕ್ಕಿದಾಗ ಸೇತುವೆ ಮೇಲಿದ್ದೆ," ಎಂದ ತಿಮ್ಮೇಶ. ವರ್ಷವಿಡೀ ನುಂಗಿಕೊಂಡ ಮಾತು ಒಡೆದೊಡೆದು ಬಂತು. "ಎದ್ರಿಗೆ ಬಂಡೆ. ನಿಮ್ ಬೋಟು ಮೂತಿ ಎತ್ಕಂಡು ಅದ್ರ ಕಡೀಕೇ ಓಡ್ತಿತ್ತು. ಕೂಗ್ದೆ, ಕೇಳ್ನಿಲ್ಲ. ಕೊನೇಲಿ ತಿರುಗ್ಸಿದ್ರಿ. ಅಷ್ಟೊತ್ಗೆ ನೀನು... ಬಂಡೆ ಮರೆಗೋಗ್ಬುಟ್ಟೆ, ಆಮೇಲ್ ನಿನ್ ತಲೆನೂ ಕಾಣ್ನಿಲ್ಲ ನಂಗೆ."

ತನ್ನ ಬಾಯಿಂದ ಬಂದ 'ನೀನು' ಕೇಳಿ ತಾನೇ ಬೆಚ್ಚಿದ. ಅವಳು ತಿದ್ದಲಿಲ್ಲ.

"ಆ ದಿನ ಒಂದಜ್ಜಿನ ಎತ್ಕಂಡ್ ಬಂದೆ," ಎಂದಳು. "ಮುಂದೆ ಜಾಗಿಲ್ದೆ ಕಾಲು ಮಡಚ್ಕಂಡು ಮಲಗಿತ್ತು. ಸೊಂಟ ಮುರ್ದಿತ್ತು ಅಂತ ದಡಕ್ ಬಂದ್ಮೇಲೆ ಗೊತ್ತಾಯ್ತು. ದಾರಿಯುದ್ದಕ್ಕೂ ನಾನೇ ಬಯ್ದಿದ್ದೆ, ಸುಮ್ನೆ ಮಲೀಕಳಜ್ಜಿ ಅಂತ."

ತಿಮ್ಮೇಶ ಬಗ್ಗಿ, ತಾನೆಳೆದ ಗೆರೆಯನ್ನು ಅಂಗೈಯಿಂದ ಒರೆಸಿಬಿಟ್ಟ. ಅಂಗೈ ಬೆಳ್ಳಗಾಯಿತು. ಆಮೇಲೆ ಮೂಲೆಯಿಂದ ಎರಡು ಮರದ ತುಂಡು ತಂದು ಹಳೆಯ ಗೆರೆಯಿದ್ದ ಜಾಗದ ಹಿಂದಿಟ್ಟ.

"ಹತ್ತಿ."

ಹತ್ತಿದಳು. ಅರ್ಧ ಅಡಿ ಎತ್ತರವಾದಳು. ದಾರ ಮೇಲೆ ಸರಿಸಿ ಮತ್ತೆ ಹುರಿ ಎಳೆದ. ಈ ಸಲ ಅದು ಬಾಗಿಲ ಹತ್ತಿರವೇ ನೆಲ ಮುಟ್ಟಿತು.

ಪೆಟ್ಟಿಗೆ ಅವಳು ಹೇಳಿದಲ್ಲೇ ನಿಲ್ಲಲಿ. ನಿಂತು ಓಡಿಸಲು ಕಾಲಡಿಗೆ ಒಂದು ಹಲಗೆ ಬೇಕು, ಅಷ್ಟೆ.

"ಎಷ್ಟಗಲ ಕುಯ್ಲಿ?"

ಒಬ್ಬರು ನಿಲ್ಲಲು ಒಂದಡಿ ಸಾಕು. ಅದು ಇಬ್ಬರಿಗೂ ಗೊತ್ತಿತ್ತು. ತನುಶ್ರೀ ಅವನ ಕೈಯಿಂದ ಟೇಪು ತೆಗೆದುಕೊಂಡು ಎಳೆದಳು, ನಿಲ್ಲಿಸಿದಳು, ಇನ್ನಷ್ಟು ಎಳೆದಳು.

"ಎರಡೂವರೆ."

ಅವನು ತಲೆ ಎತ್ತಿದ.

"ತಂಡದಲ್ಲಿ ಒಬ್ರು ಕಡ್ಮೆ ಅವ್ರೆ. ಈಜು ಬತ್ತದೆ ತಾನೆ?"

"ಬತ್ತದೆ."

"ಮತ್ತೆ ಸೇತುವೆ ಮೇಲ್ ನಿಂತ್ಕಂಡು ಯಾಕ್ ಎದ್ರುಕೊಳ್ತೀಯಾ? ಬಂದು ಪಕ್ಕದಲ್ಲಿ ನಿಂತ್ಕಂಡು ಎದ್ರುಕೊ."

ಅವನು ಹಲಗೆ ಎತ್ತಿಕೊಂಡ. ಗುರುತು ಹಾಕುವಾಗ ಹಲಗೆ ಜಾರಿ ಗೆರೆ ಸೊಟ್ಟಗಾಯಿತು. ಅವಳು ಅಲುಗದಂತೆ ಇನ್ನೊಂದು ತುದಿ ಹಿಡಿದುಕೊಂಡಳು.