ಹದಿನೇಳನೆಯ ಸೀಟು

ಕೂಡುಯಂತ್ರಕ್ಕೆ ಒಬ್ಬೊಬ್ಬರಿಗೆ ನಾಲ್ಕೇ ನಿಮಿಷ ಸಾಕಾಗುತ್ತಿತ್ತು. ಅಂಗೈಯನ್ನು ಗಾಜಿನ ಮೇಲೆ ಊರಿದರೆ ತಿಳಿನೀಲಿ ಬೆಳಕೊಂದು ಹರಿದು, ಚರ್ಮದಡಿಯ ರಕ್ತನಾಳಗಳ ಜಾಲವನ್ನು ಓದಿಕೊಂಡು, ಆ ಮನುಷ್ಯನ ಹೆಸರಿನಲ್ಲಿರುವ ಕ್ರೆಡಿಟ್ ಕಾರ್ಡುಗಳನ್ನೆಲ್ಲ ಪರದೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿತ್ತು. ಪ್ರತಿ ಕಾರ್ಡಿನ ಕೆಳಗೂ ಎರಡೇ ಗುಂಡಿ: ‘ಕೂಡಿಸು’, ‘ಮುಚ್ಚು’. ಕೂಡಿಸಿದ್ದು ಅಂಗೈಗೆ ಇಳಿಯುತ್ತಿತ್ತು. ಅಂದಿನಿಂದ ಕೈಯೇ ಕಾರ್ಡು. ಮುಚ್ಚಿದ್ದರ ಹೆಸರು ಪರದೆಯಿಂದ ಅಳಿಸಿಹೋಗುತ್ತಿತ್ತು. ಆ ತಿಂಗಳ ಕೊನೆಗೆ ದೇಶದಲ್ಲಿ ಪ್ಲಾಸ್ಟಿಕ್ ಕಾರ್ಡುಗಳೇ ಇರುವುದಿಲ್ಲವೆಂದು ಸರ್ಕಾರ ಸಾರಿತ್ತು. ದಾವಣಗೆರೆಯಲ್ಲಿ ಅದಕ್ಕಾಗಿ ಒಂದು ಕಲ್ಯಾಣಮಂಟಪವನ್ನು ಹಿಡಿದಿದ್ದರು. ವಧೂವರರು ಕೂರುವ ವೇದಿಕೆಯ ಮೇಲೆ ಯಂತ್ರ ಕೂತಿತ್ತು.

ಅಂಬಿಕೆಯ ಮುಂದೆ ನಿಂತಿದ್ದ ಅಜ್ಜಿಯ ಹೆಸರಿನಲ್ಲಿ ಹನ್ನೊಂದು ಕಾರ್ಡುಗಳು ಹೊರಬಿದ್ದವು.

“ಇಷ್ಟೊಂದು ಯಾಕಜ್ಜಿ?” ಎಂದ ಯಂತ್ರದ ಪಕ್ಕದ ನೌಕರ.

“ಬ್ಯಾಡ ಅನ್ನೋಕಾಗ್ಲಿಲ್ಲ ಕಣಪ್ಪ. ಒಂದಕ್ಕೆ ಕುಕ್ಕರ್ ಕೊಟ್ರು, ಇನ್ನೊಂದಕ್ಕೆ ಛತ್ರಿ. ಎಲ್ಲಾ ಮುಚ್ಚು. ಆದ್ರೆ ಕುಕ್ಕರ್ ವಾಪಸ್ ಕೇಳಿದ್ರೆ ಮಾತ್ರ ನಾನು ಕೊಡಲ್ಲ.”

ಸಾಲಿನಲ್ಲಿದ್ದವರು ನಕ್ಕರು. ಅಂಬಿಕೆಗೆ ನಗು ಬರಲಿಲ್ಲ. ಜಿಲ್ಲಾ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಸಂಖ್ಯೆ ಅಂಟಿಸುವ ಕೆಲಸದ ಅವಳು, ಅಪರಿಚಿತರ ಎದುರು ಬಾಯಿ ತೆರೆಯಬೇಕಾದೀತೆಂದು ಮೂರು ದಿನದಿಂದ ಈ ಸರದಿಯನ್ನು ಮುಂದೂಡುತ್ತ ಬಂದಿದ್ದಳು.

ಅವಳಿಗಿದ್ದದ್ದು ಮೂರು ಕಾರ್ಡು. ಸಂಬಳದ್ದನ್ನು ಕೂಡಿಸಿದಳು. ಸೀರೆ ಅಂಗಡಿಯ ರಿಯಾಯಿತಿಗೆಂದು ಮಾಡಿಸಿ ಮರೆತದ್ದನ್ನು ಮುಚ್ಚಿದಳು. ಮೂರನೆಯದು ಅವಳ ಖಾತೆಗೆ ಹೊಂದಿಕೊಂಡ ಜೋಡಿ ಕಾರ್ಡು. ಅದರ ಮೇಲೆ ಕೊಟ್ರೇಶ ಎಂಬ ಹೆಸರಿತ್ತು.

“ವರ್ಷಕ್ಕೊಮ್ಮೆ ಬಳಕೆ,” ಎಂದಿತು ಯಂತ್ರದ ದನಿ. “ಮುಚ್ಚಬಹುದು.”

ಅಂಬಿಕೆ ಬೆಂಕಿ ತಾಗಿದವಳಂತೆ ಕೈ ಹಿಂದೆಗೆದಳು. ಕೆಂಪು ದೀಪ ಹತ್ತಿತು. ವೇದಿಕೆಯ ಅಂಚಿನಲ್ಲಿ ಟೀ ಕುಡಿಯುತ್ತಿದ್ದ ಹೆಂಗಸೊಬ್ಬರು ಲೋಟ ಇಟ್ಟು ಎದ್ದು ಬಂದರು. ಕೂಡುಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಮೇಧಾ ಐತಾಳ್ ಅವರೇ.

“ಏನಾಯ್ತಮ್ಮ?”

“ಇದನ್ನ ಮುಚ್ಚಬಾರದು ಮೇಡಂ. ಕೂಡಿಸಲೂ ಬಾರದು. ಇದು ನನ್ನ ತಮ್ಮನ ಹತ್ರ ಇದೆ.”

“ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ. ಅವರ ಕೈಗೇ ಇಳಿಸೋಣ.”

“ಅವನು ಎಲ್ಲಿದಾನೋ ಗೊತ್ತಿಲ್ಲ. ಈ ಕಾರ್ಡ್ ಒಂದೇ ಹೇಳೋದು, ಇದಾನೆ ಅಂತ.”

ಕೊಟ್ರೇಶ ಕಾರವಾರದ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಪ್ರತಿ ಯುಗಾದಿಗೂ ಊರಿಗೆ ಬರುತ್ತಿದ್ದ. ಎಂಟು ವರ್ಷಗಳ ಹಿಂದಿನ ಯುಗಾದಿಯಲ್ಲಿ, ಅಪ್ಪ ಗೊತ್ತುಮಾಡಿದ್ದ ಸಂಬಂಧವನ್ನು ಅವನು ಬೇಡವೆಂದಿದ್ದ. ಅಂದು ಸಂಜೆ ಚಂದ್ರನನ್ನು ನೋಡಿ ಓಣಿಯ ಕಿರಿಯರೆಲ್ಲ ಹಿರಿಯರ ಕಾಲಿಗೆ ಬೀಳುತ್ತಿದ್ದಾಗ ಅವನೂ ಅಪ್ಪನೆದುರು ಬಾಗಿದ. ನಿವೃತ್ತ ಡ್ರಿಲ್ ಮಾಸ್ತರರಾದ ವೀರಭದ್ರಪ್ಪನವರು ಎಲ್ಲರೂ ನೋಡುತ್ತಿದ್ದಂತೆ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಅವನು ಎದ್ದು ನಿಂತು ಹೊರಟುಹೋದ. ಆಮೇಲೆ ಫೋನಿಲ್ಲ, ಬಂದರಿನಲ್ಲೂ ಇಲ್ಲ.

ಆದರೆ ಮರುವರ್ಷ ಹಬ್ಬಕ್ಕೆ ನಾಲ್ಕು ದಿನವಿರುವಾಗ ಅಂಬಿಕೆಯ ಫೋನಿಗೆ ಒಂದು ಸಂದೇಶ ಬಂತು. ಜೋಡಿ ಕಾರ್ಡಿನಲ್ಲಿ ಒಂದು ಟಿಕೆಟ್ ಕೊಂಡಾಗಿತ್ತು. ಕಾರವಾರದಿಂದ ದಾವಣಗೆರೆ, ಸೀಟು ಹದಿನೇಳು, ಕಿಟಕಿ ಪಕ್ಕ. ಚಂದ್ರ ಕಾಣುವ ದಿನ ಅಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ನಿಲ್ದಾಣಕ್ಕೆ ಹೋದರು. ಚಾಲಕನಿಲ್ಲದ ಬಸ್ಸು ಸಂಜೆ ಐದೂವರೆಗೆ ಬಂದು ನಿಂತಾಗ ಚಪ್ಪಲಿ ಕಳಚಿಟ್ಟು ಬಾಗಿಲ ಮುಂದೆ ನಿಂತರು, ಮಗ ಬಾಗಿದರೆ ಈ ಸಲ ಪಾದ ಸಿಗಲಿ ಎಂದು. ಎಲ್ಲರೂ ಇಳಿದರು. ಹದಿನೇಳನೆಯ ಸೀಟು ಖಾಲಿಯಿತ್ತು. ಅದರ ತಲೆಯ ಮೇಲೆ, ಕಾಯ್ದಿರಿಸಿದ್ದಕ್ಕೆ ಗುರುತಾಗಿ, ಹಸಿರು ದೀಪ ಉರಿಯುತ್ತಲೇ ಇತ್ತು. ಹೀಗೇ ಏಳು ಯುಗಾದಿ.

ಮಧ್ಯೆ ಒಮ್ಮೆ ಠಾಣೆಗೂ ಹೋಗಿದ್ದರು. “ಟಿಕೆಟ್ ತಗೊಳ್ತಾ ಇದಾನಲ್ಲ ಯಜಮಾನ್ರೇ, ಗಟ್ಟಿಮುಟ್ಟಾಗೇ ಇದಾನೆ. ಬರೋಕೆ ಮನಸ್ಸಿಲ್ಲ ಅಷ್ಟೆ,” ಎಂದು ಪೊಲೀಸರು ದೂರನ್ನೇ ಬರೆದುಕೊಳ್ಳದೆ ಕಳಿಸಿದ್ದರು.

ಇದಿಷ್ಟನ್ನೂ ಅಂಬಿಕೆ ನೆಲ ನೋಡುತ್ತ, ತಡವರಿಸುತ್ತ ಹೇಳಿ ಮುಗಿಸುವಷ್ಟರಲ್ಲಿ ಡಾ. ಐತಾಳರ ಮುಖದ ಬಣ್ಣ ಬದಲಾಗಿತ್ತು.

“ಕಾರ್ಡ್ ಮಾಡಿಸೋವಾಗ ಉಸಿರುವಿಧಿಗೆ ಒಪ್ಪಿಗೆ ಕೊಟ್ಟಿದ್ರಾ?”

“ಹಾಗಂದ್ರೆ?”

“ವರ್ಷವಿಡೀ ಬಳಸದ ಕಾರ್ಡನ್ನ ಬ್ಯಾಂಕು ರದ್ದು ಮಾಡುತ್ತೆ. ರದ್ದಾದ್ರೆ ಗ್ರಾಹಕರ ವಿಶ್ವಾಸಾಂಕ ಕುಸಿಯುತ್ತೆ. ನಾಳೆ ಸಾಲ ಸಿಗಲ್ಲ, ಬಾಡಿಗೆ ಮನೆಯೂ ಸಿಗಲ್ಲ. ಅದಕ್ಕೇ ನಾವೊಂದು ಉಪಾಯ ಮಾಡಿದ್ವಿ. ಕಾರ್ಡ್ ಸುಮ್ಮನೆ ಬಿದ್ದಿದ್ರೆ ವರ್ಷಕ್ಕೊಂದು ಸಲ ಅದೇ ಒಂದು ಸಣ್ಣ ಖರೀದಿ ಮಾಡ್ಕೊಳ್ಳುತ್ತೆ, ಉಸಿರಾಡಿದ ಹಾಗೆ. ಏನೇನೋ ಕೊಂಡ್ರೆ ಜನ ಜಗಳಕ್ಕೆ ಬರ್ತಾರಲ್ಲ? ಹಾಗಾಗಿ ಹಳೇ ಬಳಕೆ ನೋಡಿ, ಆ ಮನುಷ್ಯ ಆ ದಿನ ಏನು ಕೊಳ್ತಿದ್ನೋ ಅದನ್ನೇ…”

ಅಂಬಿಕೆಗೆ ಆ ಅರ್ಜಿ ನೆನಪಾಯಿತು. ಕೊಟ್ರೇಶನಿಗೆ ಅದನ್ನೆಲ್ಲ ಓದುವ ತಾಳ್ಮೆ ಇರಲಿಲ್ಲ. ‘ನೀನೇ ತುಂಬಿಬಿಡೇ ಅಕ್ಕಾ’ ಎಂದಿದ್ದ. ಅವಳು ತುಂಬಿದ್ದಳು. ಕೊನೆಯ ಪುಟದಲ್ಲಿ ಸಾಲಾಗಿದ್ದ ಚೌಕಗಳಿಗೆಲ್ಲ, ಓದದೆ, ಒಂದೂ ಬಿಡದೆ ಗುರುತು ಹಾಕಿದ್ದಳು.

ಡಾ. ಐತಾಳ್ ಪರದೆಯನ್ನು ಅವಳ ಕಡೆ ತಿರುಗಿಸಿದರು. “ಮನುಷ್ಯ ಕೊಂಡ್ರೆ ಪಕ್ಕದಲ್ಲಿ ಬೆರಳಿನ ಗುರುತು ಬೀಳುತ್ತೆ. ಎಂಟು ವರ್ಷದ ಹಿಂದಿನ ಹಬ್ಬದವರೆಗಿನ ಟಿಕೆಟ್ಟಿಗೆಲ್ಲ ಇದೆ. ಆಮೇಲಿನ ಏಳಕ್ಕೂ…”

ಆಮೇಲಿನ ಏಳಕ್ಕೂ ಆ ಜಾಗ ಬರಿದಾಗಿತ್ತು.

“ಅಂದ್ರೆ ಅವನು ಇಲ್ವಾ ಮೇಡಂ?”

“ಹಾಗಂತ ಯಂತ್ರ ಹೇಳ್ತಿಲ್ಲ. ಇದಾನೆ ಅಂತ ಹೇಳ್ತಿತ್ತಲ್ಲ, ಅದು ನಿಜ ಅಲ್ಲ. ಗೊತ್ತಾಗಿದ್ದು ಅಷ್ಟೇ.” ಅವರು ಕನ್ನಡಕ ತೆಗೆದು ಸೆರಗಿನಿಂದ ಸುಮ್ಮನೆ ಒರೆಸಿದರು. “ಕಾರ್ಡು ಸಾಯಬಾರದು ಅಂತ ಮಾತ್ರ ನಾವು ಯೋಚನೆ ಮಾಡಿದ್ವಿ. ಠಾಣೆಗೆ ನಾನು ಬರೆದುಕೊಡ್ತೀನಮ್ಮ. ಈಗಲಾದ್ರೂ ಹುಡುಕಲಿ.”

ಹುಡುಕಬೇಕಾಗಿದ್ದ ಏಳು ವರ್ಷಗಳು ಒಂದು ಖಾಲಿ ಸೀಟಿನಲ್ಲಿ ಕೂತು ಹೋಗಿದ್ದವು.

“ಕೂಡಿಸಿದ್ರೆ ಏನಾಗುತ್ತೆ?” ಅಂಬಿಕೆ ಕೇಳಿದಳು.

“ಉಸಿರುವಿಧಿಯೂ ನಿಮ್ಮ ಕೈಗೇ ಬರುತ್ತೆ. ಟಿಕೆಟ್ ಬರ್ತಾನೇ ಇರುತ್ತೆ, ಪ್ರತಿ ವರ್ಷ.”

ಹಬ್ಬಕ್ಕೆ ಇನ್ನು ಹದಿನೈದು ದಿನ. ಬಿಳಿ ಅಂಗಿ ಆಗಲೇ ಇಸ್ತ್ರಿಯಾಗಿ ಬಂದು ಮೊಳೆಗೆ ತೂಗುತ್ತಿತ್ತು. ಅಪ್ಪನೆದುರು ನಿಂತು ಇದನ್ನು ಹೇಳುವುದು ಅವಳಿಂದಾಗದ ಮಾತು. ಚಿಕ್ಕಂದಿನಲ್ಲಿ ಅಂಕಪಟ್ಟಿಯನ್ನು ಕೂಡ ಅಪ್ಪನ ಮೇಜಿನ ಮೇಲಿಟ್ಟು ಓಡಿಹೋಗುತ್ತಿದ್ದವಳು ಅವಳು. ಟಿಕೆಟ್ ಬಾರದಿದ್ದರೆ ಅಪ್ಪನೇ ಅರ್ಥಮಾಡಿಕೊಳ್ಳುತ್ತಾರೆ. ತಾನು ಆಡಲಾರದ್ದನ್ನು ಆ ಬಾರದ ಸಂದೇಶವೇ ಆಡುತ್ತದೆ. ಅವರಿಗೆ ಅಳು ಬರುತ್ತದೆ, ಆಮೇಲೆ ಈ ಕಾಯುವುದಾದರೂ ಮುಗಿಯುತ್ತದೆ. ಹೀಗೆಂದುಕೊಂಡು ಅವಳು ‘ಮುಚ್ಚು’ ಒತ್ತಿದಳು. ಕೊಟ್ರೇಶನ ಹೆಸರು ಅಳಿಸಿಹೋಗುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಠಾಣೆಯಲ್ಲಿ ಡಾ. ಐತಾಳರ ಪತ್ರಕ್ಕೆ ಮೊಹರು ಹಾಕಿ, ‘ಎಂಟು ವರ್ಷ ಆಯ್ತಲ್ಲಮ್ಮ’ ಎಂದರು.

ಹಬ್ಬ ಹತ್ತಿರವಾದಂತೆ ಅಪ್ಪ ದಿನವೂ ಕೇಳಿದರು. “ಬಂತೇನಮ್ಮ ಅಂಬಿ?”

“ಇಲ್ಲ ಅಪ್ಪಾಜಿ.”

ಟಿಕೆಟ್ ಬರಬೇಕಿದ್ದ ದಿನವೂ ಕಳೆದ ಮೇಲೆ ಕೇಳುವುದನ್ನು ಬಿಟ್ಟರು. ಅರ್ಥವಾಯಿತೇನೋ ಎಂದುಕೊಂಡಳು ಅವಳು.

ಚಂದ್ರ ಕಾಣುವ ದಿನ ಬೆಳಗ್ಗೆ ನೋಡಿದರೆ ಮೊಳೆಯ ಮೇಲೆ ಅಂಗಿಯಿಲ್ಲ. ಅವಳು ನಿಲ್ದಾಣಕ್ಕೆ ಓಡಿದಳು. ಅಪ್ಪ ಅಲ್ಲಿದ್ದರು, ಮೊದಲನೆಯ ಅಂಕಣದಲ್ಲಿ, ಕವಾಯತಿಗೆ ನಿಂತವರ ಹಾಗೆ ನೆಟ್ಟಗೆ.

“ಟಿಕೆಟ್ ಬಂದಿಲ್ಲ ಅಂದೆನಲ್ಲ ಅಪ್ಪಾಜಿ!”

“ಅದಕ್ಕೇ ಬಂದೆ ಕಣಮ್ಮ.” ಅಪ್ಪ ನಕ್ಕರು. ಎಂಟು ವರ್ಷದಲ್ಲಿ ಅವಳು ಆ ನಗುವನ್ನು ಕಂಡಿರಲಿಲ್ಲ. “ಏಳು ಸಲ ಟಿಕೆಟ್ ತಗೊಂಡ, ಹತ್ತೋಕೆ ಧೈರ್ಯ ಸಾಲ್ಲಿಲ್ಲ. ಈ ಸಲ ತಗೊಂಡಿಲ್ಲ ಅಂದ್ರೆ ಏನು? ಹೇಳದೆ ಕೇಳದೆ ಹೊರಟೇಬಿಟ್ಟಿದಾನೆ. ಯಾವ ಬಸ್ಸು ಅಂತ ನಮಗೆ ಗೊತ್ತಾಗಬಾರದು ಅವನಿಗೆ. ಹಟಮಾರಿ, ನನ್ನ ಮಗ ಅಲ್ವಾ?”

ಹಿಂದೆ ಅವರು ಕಾಯುತ್ತಿದ್ದದ್ದು ಒಂದು ಬಸ್ಸಿಗೆ, ಒಂದು ಸೀಟಿಗೆ. ಈಗ ಹುಬ್ಬಳ್ಳಿಯದು ಬಂದರೂ ಚಪ್ಪಲಿ ಕಳಚಿದರು, ಶಿವಮೊಗ್ಗದ್ದು ಬಂದರೂ ಕಳಚಿದರು. ಮಧ್ಯಾಹ್ನದ ಬಿಸಿಲಿಗೆ ಕಾಂಕ್ರೀಟು ಕಾದಿತ್ತು. ಬಾಗಿಲು ತೆರೆದಾಗಲೆಲ್ಲ ಒಂದು ಹೆಜ್ಜೆ ಮುಂದೆ, ಎಲ್ಲರೂ ಇಳಿದಾದ ಮೇಲೆ ಒಂದು ಹೆಜ್ಜೆ ಹಿಂದೆ.

ಸಂಜೆ ಪಡುವಣದಲ್ಲಿ ಉಗುರಿನಷ್ಟು ಚಂದ್ರ ಕಂಡ. ನಿಲ್ದಾಣದಲ್ಲಿದ್ದವರೆಲ್ಲ ಕೈಮುಗಿದರು. ಯಾರೋ ಯಾರದೋ ಕಾಲಿಗೆ ಬಾಗಿದರು. ಅಂಬಿಕೆ ಅಪ್ಪನ ಪಕ್ಕ ಬಂದು ನಿಂತಳು.

“ಅಪ್ಪಾಜಿ, ಆ ಕಾರ್ಡು ಇತ್ತಲ್ಲ…”

“ತಡಿಯಮ್ಮ, ಬಸ್ ಬಂತು.”

ಅವರು ತಲೆಯೆತ್ತಿ ಚಂದ್ರನನ್ನು ನೋಡಲಿಲ್ಲ. ಚಪ್ಪಲಿ ಕಳಚುವುದಕ್ಕೂ ಬಾಗಲಿಲ್ಲ. ಬಸ್ಸು ಬಸ್ಸಿಗೂ ತೊಟ್ಟು ಕಳಚುವುದೇಕೆಂದು ಅವರು ಅದಾಗಲೇ ಅವನ್ನು ಜೋಡಿಸಿ ಕಂಬದ ಬುಡದಲ್ಲಿ ಇಟ್ಟುಬಿಟ್ಟಿದ್ದರು.