ಸಂಜೀವಪ್ಪನವರ ಕಾರಿನ ಹೊಸ ಮೂಗು

“ಇಳಿಜಾರಲ್ಲೂ ನಿಂತೋಯ್ತಲ್ಲ, ಬೀರಣ್ಣಾ! ನಿನ್ ಕಾರಿಗೆ ಉಬ್ಬಸವಾ?”

ಬಾನೆಟ್ಟಿನೊಳಗೆ ತಲೆ ಹುದುಗಿಸಿದ್ದ ಚಿಕ್ಕಬೀರಪ್ಪನಿಗೆ ಮೈಯೆಲ್ಲ ಉರಿಯಿತು. ದೇವನಹಳ್ಳಿ ಬಳಿಯ ವಿಜಯಪುರದ ಬೀದಿಯಲ್ಲಿ ಕಾರು ನಿಂತದ್ದೇ ಅವಮಾನ. ಅದೂ ಮುನಿಗಂಗಮ್ಮನ, ಊರಿಗೆಲ್ಲ ಗಂಗಿಯಾದವಳ ಮನೆ ಮುಂದೆ! ಎಲ್ಲಕ್ಕಿಂತ ಚುಚ್ಚಿದ್ದು ಆ ‘ಅಣ್ಣಾ’.

“ಉಬ್ಬಸ ಅಲ್ಲ, ಧೂಳು. ಹೋಗಿ ನೂಲು ತೆಗಿ ನೀನು.”

ಗಂಗಿ ಹೋಗಲಿಲ್ಲ. ರೇಷ್ಮೆಗೂಡು ಬೇಯಿಸುವ ಬಿಸಿನೀರಿನಲ್ಲಿ ಬಿಳಿಚಿಕೊಂಡಿದ್ದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹತ್ತಿರ ಬಂದು ಇಣುಕಿದಳು.

ಎರಡನೇ ಮಹಾಯುದ್ಧ ಮುಗಿದು ತನ್ನ ದೇಶಕ್ಕೆ ಹೊರಟ ಬಿಳಿಯ ಅಧಿಕಾರಿಯೊಬ್ಬನಿಂದ ಊರಿನ ಸಾಹುಕಾರ ಸಂಜೀವಪ್ಪನವರು ಕೊಂಡ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಅದು. ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತಿದ್ದ ಬೀರಪ್ಪ ಕಾರಿನ ಹಿಂದೆಯೇ ಡ್ರೈವರಾಗಿ ಬಂದಿದ್ದ. ಇಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿಕೊಡುವ ಕಾರ್ಬುರೇಟರಿನ ಬಾಯಿಗೆ ಮುಚ್ಚಳವಿಲ್ಲ, ಊರಿನ ಕೆಂಪು ಧೂಳೆಲ್ಲ ನೇರ ಒಳಗೆ. “ಭಾನುವಾರ ದೇವನಹಳ್ಳಿ ದಾರೀಲಿ ಇದು ನಿಂತ್ರೆ ಮಾರ್ಬಿಡ್ತೀನಿ ಕಣೋ” ಎಂದು ಸಂಜೀವಪ್ಪನವರು ಬೆಳಿಗ್ಗೆಯೇ ಹೇಳಿದ್ದರು. ಕಾರು ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಈ ಊರು, ಈ ಬೀದಿ, ಈ ಇಣುಕುವ ಕಣ್ಣುಗಳೂ ಹೋದವು.

“ಇದೇನು, ಅಕ್ಕಿ ಡಬ್ಬಿನಾ?” ಕಾರಿನ ಪಕ್ಕದಲ್ಲಿದ್ದ ತಗಡಿನ ಡಬ್ಬಿ ತೋರಿಸಿ ಗಂಗಿ ಕೇಳಿದಳು.

“ಮಿಲಿಟರಿ ಲಾರಿದು, ಏರ್ ಕ್ಲೀನರ್. ಗುಜರೀಲಿ ಸಿಕ್ತು. ಗಾಳಿ ಇದರಲ್ಲಿ ಸೋಸ್ಕೊಂಡು ಇಂಜಿನ್ನಿಗೆ ಹೋಗ್ಬೇಕು. ಒಳಗಿದ್ದ ತಂತಿಬಲೆ ತುಕ್ಕು ಹಿಡಿದು ಉದುರೋಗಿದೆ.”

“ಇಂಜಿನ್ನು ಗಾಳಿ ಕುಡಿಯುತ್ತಾ?”

“ಪೆಟ್ರೋಲಿಗಿಂತ ಜಾಸ್ತಿ.”

“ನಿನ್ನಂಗೇ. ಸಿಟ್ಟು ಬಂದ್ರೆ ನೀನೂ ಹಿಂಗೇ ಬುಸುಬುಸು ಅಂತ ಉಸಿರು ಎಳ್ಕೊತೀಯ.”

ಬೀರಪ್ಪ ತಂತಿಬಲೆಗೆ ಬದಲಿ ಹುಡುಕುತ್ತ ಸುತ್ತ ಕಣ್ಣಾಡಿಸಿದ. ಜಗಲಿಯ ಬುಟ್ಟಿಯಲ್ಲಿ ತೆಗೆದು ಹಾಕಿದ್ದ ಒದ್ದೆ ಒರಟು ರೇಷ್ಮೆಯನ್ನು ಹಿಡಿಗಟ್ಟಲೆ ಬಾಚಿ ಡಬ್ಬಿಗೆ ತುರುಕಿದ.

“ಅಯ್ಯೋ, ಬೀರಣ್ಣಾ, ಅದು...”

“ನಂಗೊತ್ತು!”

ರಬ್ಬರ್ ಕೊಳವೆ ಸಿಕ್ಕಿಸಿ, ಪಟ್ಟಿ ಬಿಗಿದು, ಕಾರು ಹೊರಡಿಸಿದ. ಕೆರೆ ಏರಿ ಮುಟ್ಟುವಷ್ಟರಲ್ಲಿ ಹಿಂದೆ ಕಪ್ಪು ಹೊಗೆ. ಆಮೇಲೆ ಅದೂ ಇಲ್ಲ, ಕಾರು ಮತ್ತೆ ನಿಂತಿತು. ಡಬ್ಬಿ ಕಂಕುಳಲ್ಲಿಟ್ಟುಕೊಂಡು ಅವನು ನಡೆದು ಬಂದಾಗ ಗಂಗಿ ತುಟಿ ಕಚ್ಚಿ ನಗು ತಡೆದಳು.

“ಅದು ಗೋಂದು ಬಿಡಿಸದ ರೇಷ್ಮೆ. ಒದ್ದೇಲಿ ಮೆತ್ತಗಿರುತ್ತೆ, ಇಂಜಿನ್ ಕಾವಿಗೆ ಒಣಗಿದ್ರೆ ಹಲಗೆ, ಗಾಳಿ ನುಗ್ಗಲ್ಲ. ಹೇಳೋಕೆ ಬಿಟ್ಯಾ?”

“ತಪ್ಪಾಯ್ತು” ಎಂದ ಬೀರಪ್ಪ. ಆ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿ ಇಬ್ಬರಿಗೂ ಆಶ್ಚರ್ಯವಾಯಿತು.

ಗಂಗಿ ರೇಷ್ಮೆಯನ್ನು ಸೋಪಿನ ನೀರಲ್ಲಿ ಕುದಿಸಿ, ಒಣಗಿಸಿ, ಬೆರಳಲ್ಲಿ ಎಳೆಎಳೆಯಾಗಿ ಬಿಡಿಸಿದಳು. ಬೀರಪ್ಪ ಅದಕ್ಕೆ ತೆಳ್ಳಗೆ ಎಣ್ಣೆ ಸವರಿದ. ಬುಟ್ಟಿಯೊಳಗೆ ಬೆರಳು ತಗುಲಿದಾಗ ಇಬ್ಬರೂ ರೇಷ್ಮೆಯನ್ನೇ ನೋಡಿದರು.

ಭಾನುವಾರ ಕಾರು ದೇವನಹಳ್ಳಿಗೆ ಹೋಗಿ ಬಂತು. ಎಲ್ಲೂ ನಿಲ್ಲಲಿಲ್ಲ. ಆದರೆ ಅದಕ್ಕೀಗ ಹೊಸ ದನಿ ಬಂದಿತ್ತು. ಆಕ್ಸಿಲರೇಟರ್ ಒತ್ತಿದರೆ ಸಾಕು, ಬಾನೆಟ್ಟಿನೊಳಗಿಂದ ‘ಹೂಶ್...’ ಎಂದು ದೊಡ್ಡ ಉಸಿರು. ಕಟ್ಟಿದ ಎತ್ತುಗಳು ಕಿವಿ ನಿಗುರಿಸುತ್ತಿದ್ದವು. “ಹಾವು ಸಾಕ್ದಂಗಾಯ್ತಲ್ಲೋ!” ಎಂದು ಸಂಜೀವಪ್ಪನವರು ಮೀಸೆಯಡಿ ನಕ್ಕರು. ಕಾರು ಮಾರುವ ಮಾತು ಮತ್ತೆ ಏಳಲಿಲ್ಲ.

ಧೂಳು ತುಂಬಿದಾಗಲೆಲ್ಲ ಬೀರಪ್ಪ ರೇಷ್ಮೆ ತರುತ್ತಿದ್ದ, ಗಂಗಿ ತೊಳೆದುಕೊಡುತ್ತಿದ್ದಳು. ಒಂದು ಸಂಜೆ ಅವಳು ಅದನ್ನು ಕೊಡದೆ ಬೆನ್ನ ಹಿಂದೆ ಹಿಡಿದು ನಿಂತಳು.

“ಒಂದ್ ಕೇಳ್ಲಾ? ಡಬ್ಬಿ ಜೋರಾಗಿ ಉಸಿರಾಡೋದು ಯಾವಾಗ?”

“ಆಕ್ಸಿಲರೇಟರ್ ಒತ್ತಿದಾಗ.”

“ಅದನ್ನ ಒತ್ತೋದು?”

“ಏರು ಹತ್ತೋವಾಗ.”

“ನಮ್ಮನೆ ಮುಂದೆ ಇಳಿಜಾರು. ಅಲ್ಲೂ ಯಾಕೆ ದಿನಾ ‘ಹೂಶ್’ ಅನ್ನುತ್ತೆ?”

ಬೀರಪ್ಪ ತನ್ನ ಎಣ್ಣೆಗೈಯನ್ನೇ ನೋಡಿಕೊಂಡ. ಕಿವಿ ಬಿಸಿಯಾಯಿತು.

“ನೀನು ತಲೆ ಎತ್ತಿ ನೋಡ್ಲಿ ಅಂತ.”

“ನೋಡಿ ನೋಡಿ ನೂಲು ಕಡಿದು ಹೋಗುತ್ತೆ. ಅವ್ವನ ಹತ್ರ ದಿನಾ ಬೈಸ್ಕೊಂತೀನಿ.”

“ಹಂಗಾದ್ರೆ ಇನ್ಮೇಲೆ ಒತ್ತಲ್ಲ ಬಿಡು.”

“ಒತ್ತದೆ ಹೋಗಿ ನೋಡು, ಬೀರಾ!”

ಈ ಸಲ ಹೆಸರಿನ ಹಿಂದೆ ‘ಅಣ್ಣಾ’ ಇರಲಿಲ್ಲ. ಅವನು ತಲೆ ಎತ್ತಿದ. ಅವಳು ಕಣ್ಣು ತಪ್ಪಿಸಲಿಲ್ಲ.

“ಅವ್ವ ಒಳಗಿದ್ದಾರಾ?”

“ಇದಾಳೆ. ಯಾಕೆ?”

ಬೀರಪ್ಪ ಎದೆ ತುಂಬ ಗಾಳಿ ಎಳೆದುಕೊಂಡ. ಗಂಗಿ ನಕ್ಕುಬಿಟ್ಟಳು.

“ನೋಡು, ಮತ್ತೆ ಬುಸುಬುಸು!”

“ಇದು ಸಿಟ್ಟಲ್ಲ” ಎಂದು ಅವನು ಚಪ್ಪಲಿ ಬಿಟ್ಟು ಜಗಲಿ ಹತ್ತಿದ.